ಸಂದಕ್‌ಫುಗೆ ಹೋಗುವವರೇ, ದಾರಿಯ ನಾಯಿಗೆ ಬಿಸ್ಕತ್ತು ಬೇಡ

ಡಾರ್ಜಿಲಿಂಗ್ ಸೀಮೆಯ ಸಂದಕ್‌ಫು ಬೆಟ್ಟದ ಚಾರಣ ಮುಗಿಸಿ ಬಂದವರ ಆಲ್ಬಮ್‌ಗಳಲ್ಲಿ ಕಾಂಚನಜುಂಗಾ ಇರುತ್ತದೆ, ಟೀ ಲೋಟ ಇರುತ್ತದೆ, ಜೊತೆಗೆ ಮೈತುಂಬ ಕೂದಲಿನ ಒಂದು ಮುದ್ದಾದ ನಾಯಿಯೂ ಇರುತ್ತದೆ. ದಾರಿಯ ಊರುಗಳಾದ ಮಾನೇಭಂಜಾಂಗ್‌ನಲ್ಲೋ ತುಮ್ಲಿಂಗ್‌ನಲ್ಲೋ ಜೊತೆಯಾಗಿ, ಬಿಸ್ಕತ್ತು ತಿನ್ನುತ್ತಾ ತುದಿಯವರೆಗೂ ಹಿಂಬಾಲಿಸುವ ನಾಯಿ. ಆ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಅದೇ ಬೆಟ್ಟಸಾಲಿನಲ್ಲಿ ರೆಡ್ ಪಾಂಡಾವನ್ನು ಕಣ್ಣಾರೆ ಕಂಡಮೇಲೆ ಆ ಫೋಟೊಗಳನ್ನು ನೋಡಿದರೆ ಸಂಕಟವಾಗುತ್ತದೆ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗಬಹುದು.

ಸಂದಕ್‌ಫು ಇರುವ ಸಿಂಗಲೀಲಾ, ಭಾರತ-ನೇಪಾಳದ ಗಡಿಯ ಮೇಲೇ ಹಾದುಹೋಗುವ ಬೆಟ್ಟಸಾಲು. ನಡೆಯುತ್ತಾ ಎಷ್ಟು ಸಲ ದೇಶ ದಾಟಿದೆವು ಅನ್ನುವುದೇ ತಿಳಿಯುವುದಿಲ್ಲ. ಈ ಕಡೆ ಡಾರ್ಜಿಲಿಂಗ್ ಜಿಲ್ಲೆ, ಆ ಕಡೆ ಇಲಾಮ್. ನಮ್ಮ ಭಾಗದ ಕಾಡು 1992ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, ವಿಸ್ತೀರ್ಣ ಸುಮಾರು 78 ಚದರ ಕಿಲೋಮೀಟರ್. ಬಂಡೀಪುರ, ನಾಗರಹೊಳೆ ಸುತ್ತಿದವರಿಗೆ ಇದು ಅಂಗೈಯಗಲದ ಜಾಗ. ಅಷ್ಟರಲ್ಲೇ ಓಕ್, ಗುರಾಂಸ್ (ರೋಡೊಡೆಂಡ್ರಾನ್), ಫರ್ ಮರಗಳು, ಅವುಗಳ ಬುಡದಲ್ಲಿ ಒತ್ತಾಗಿ ಬೆಳೆದ ಮಾಲಿಂಗ್ ಬಿದಿರು. ಈ ಬಿದಿರಿದ್ದರೆ ಮಾತ್ರ ರೆಡ್ ಪಾಂಡಾ.

ಜೀಪಿನಲ್ಲಿ ಹೋಗಿ ಜೀಪಿನಲ್ಲಿ ಬಂದು "ಪಾಂಡಾ ಕಾಣಲೇ ಇಲ್ಲ" ಅನ್ನುವವರು ಬಹಳ. ನನಗೆ ಕಂಡದ್ದು ಕಯ್ಯಾಕಟ್ಟದ ಹತ್ತಿರ, ಅಲ್ಲಿನ ಟ್ರ್ಯಾಕರ್ ಒಬ್ಬರ ದಯೆಯಿಂದ. ನಾವೆಲ್ಲ ಅವರನ್ನು ದಾಜು, ಅಂದರೆ ನೇಪಾಳಿಯಲ್ಲಿ ಅಣ್ಣ, ಅಂತಲೇ ಕರೆಯುತ್ತಿದ್ದೆವು. ಅವರು ಮೊದಲು ಹುಡುಕಿದ್ದು ಪ್ರಾಣಿಯನ್ನಲ್ಲ, ಹಿಕ್ಕೆಯನ್ನು. ರೆಡ್ ಪಾಂಡಾ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದು ಹಿಕ್ಕೆ ಹಾಕುತ್ತದಂತೆ. ಪಾಚಿ ಕಟ್ಟಿದ ಕೊಂಬೆಯೊಂದರ ಮೇಲೆ ಹಸಿರು ಗುಪ್ಪೆ ಕಂಡದ್ದೇ ದಾಜು ಬೆರಳಿನಿಂದ ಒತ್ತಿ ನೋಡಿದರು, ಇನ್ನೂ ಮೆತ್ತಗಿತ್ತು. ಆಮೇಲೆ ಬಿಸಿಲು ಬೀಳುವ ಮರಗಳನ್ನಷ್ಟೇ ನೋಡುತ್ತಾ ಹೊರಟರು. ಚಳಿಗಾಲದ ಬೆಳಿಗ್ಗೆ ಅದು ಬಿಸಿಲು ಕಾಯಿಸಲು ಮೇಲಿನ ಕೊಂಬೆಗೆ ಹತ್ತುತ್ತದೆ.

"ಹಾಬ್ರೆ," ಅಂತ ರೆಡ್ ಪಾಂಡಾದ ನೇಪಾಳಿ ಹೆಸರನ್ನು ಪಿಸುಗುಟ್ಟಿ ಕೈ ತೋರಿಸಿದರು. ನನಗೆ ಏನೂ ಕಾಣಲಿಲ್ಲ. ಆ ಮರಗಳ ಮೇಲಿನ ಪಾಚಿ ಕಂದುಗೆಂಪು, ಮಧ್ಯೆ ಮಧ್ಯೆ ಬಿಳಿ ಕಲ್ಲುಹೂವು. ಪ್ರಾಣಿಯ ಬಣ್ಣವೂ ಅದೇ. ಹೊಟ್ಟೆ, ಕಾಲು ಅಪ್ಪಟ ಕಪ್ಪು, ಹಾಗಾಗಿ ಕೆಳಗಿನಿಂದ ನೋಡಿದರೆ ಬರೀ ನೆರಳು. ಪಟ್ಟೆ ಪಟ್ಟೆ ಬಾಲ ಒಮ್ಮೆ ಅಲುಗಿತು. ಆಮೇಲೆ ಇಡೀ ಪ್ರಾಣಿ ಕಣ್ಣಿಗೆ ಬಿತ್ತು! ಮುಂಗಾಲನ್ನು ಬೆಕ್ಕಿನಂತೆ ನೆಕ್ಕಿ ಮುಖ ಒರೆಸಿಕೊಂಡಿತು, ನಮ್ಮ ಕಡೆ ನೋಡಿತು, ಮತ್ತೆ ನೆಕ್ಕತೊಡಗಿತು. ಸಾಕಷ್ಟು ಹೊತ್ತಾದ ಮೇಲೆ ತಲೆ ಕೆಳಗಾಗಿಯೇ ಕಾಂಡ ಹಿಡಿದು ಇಳಿದು ಬಿದಿರಿನೊಳಗೆ ಹೋಯಿತು. ಹಾಗೆ ಇಳಿಯಲು ಬೇಕಾದಂತೆ ಅದರ ಹಿಂಗಾಲಿನ ಕೀಲು ತಿರುಗುತ್ತದೆ. ಒಳಗಿನಿಂದ ಎಲೆ ಕೀಳುವ ಸದ್ದು ಕೇಳಿಸುತ್ತಲೇ ಇತ್ತು. ಮಣಿಕಟ್ಟಿನ ಮೂಳೆಯೊಂದು ಬೆಳೆದು ಹೆಬ್ಬೆರಳಿನ ಕೆಲಸ ಮಾಡುತ್ತದೆ, ಅದರಿಂದಲೇ ಬಿದಿರನ್ನು ಅಷ್ಟು ಚೆನ್ನಾಗಿ ಹಿಡಿಯುವುದು.

ತಿನ್ನುವುದು ಬಿದಿರೆಲೆ, ಆದರೆ ಇರುವುದು ಮಾಂಸಾಹಾರಿಯ ಕರುಳು. ತಿಂದದ್ದರಲ್ಲಿ ಬಹುಪಾಲು ಜೀರ್ಣವಾಗದೆ ಹೊರಗೆ ಹೋಗುತ್ತದೆ. ಹಾಗಾಗಿ ದಿನದ ಬಹಳ ಹೊತ್ತು ತಿನ್ನುತ್ತಿರಬೇಕು, ಉಳಿದ ಹೊತ್ತು ಸುಮ್ಮನೆ ಮಲಗಿರಬೇಕು. ಸೋಮಾರಿತನವಲ್ಲ ಅದು, ಬದುಕುವ ಲೆಕ್ಕಾಚಾರ. ಇಂಥ ಪ್ರಾಣಿಯನ್ನು ನಾಯಿಯೊಂದು ಅಟ್ಟಿಸಿಕೊಂಡು ಹೋದರೆ ಏನಾಗುತ್ತದೆ ಯೋಚಿಸಿ. ಕಚ್ಚದೇ ಬಿಟ್ಟರೂ, ಓಡಿ ಶಕ್ತಿ ಕಳೆದುಕೊಂಡ ಪಾಂಡಾ ಸೋತಂತೆಯೇ.

ಇನ್ನೊಂದು ಕಡೆ ರೋಗ. ನಾಯಿಗಳಿಗೆ ಬರುವ ಡಿಸ್ಟೆಂಪರ್ ಎಂಬ ವೈರಸ್ ರೋಗ ರೆಡ್ ಪಾಂಡಾಗಳಿಗೆ ಮಾರಣಾಂತಿಕ. ನಾಯಿಗೆ ಕೊಡುವಂಥ ಜೀವಂತ ವೈರಸ್ ಲಸಿಕೆಯನ್ನು ಹಾಕಿದ್ದಕ್ಕೇ ಮೃಗಾಲಯದ ಪಾಂಡಾಗಳು ಡಿಸ್ಟೆಂಪರ್ ಬಂದು ಸತ್ತ ದಾಖಲೆಗಳಿವೆ, ಅಷ್ಟು ಸೂಕ್ಷ್ಮ. 2018ರಲ್ಲಿ ಗಿರ್‌ನಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಸಿಕ್ಕ ವೈರಸ್ ಕೂಡ ಇದೇ. ಸಿಂಹದಂಥ ಸಿಂಹಕ್ಕೇ ಹಾಗಾದರೆ ಐದಾರು ಕಿಲೋ ತೂಗುವ ಈ ಜೀವದ ಪಾಡೇನು?

ನನ್ನನ್ನು ಹೆಚ್ಚು ಕಾಡುವುದು ಮಾತ್ರ ಮಳೆಗಾಲ. ಜೂನ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಉದ್ಯಾನ ಮುಚ್ಚಿರುತ್ತದೆ. ನಾವು ಯಾರೂ ಇರುವುದಿಲ್ಲ, ನಮ್ಮ ಬಿಸ್ಕತ್ತೂ ಇರುವುದಿಲ್ಲ. ಸೀಸನ್ನಿನಲ್ಲಿ ನಾವು ಸಾಕಿದ ನಾಯಿಗಳು ಮಾತ್ರ ಅಲ್ಲೇ, ಹಸಿದು. ರೆಡ್ ಪಾಂಡಾ ಮರಿ ಹಾಕುವುದೂ ಅದೇ ಜೂನ್-ಜುಲೈನಲ್ಲಿ. ಕಣ್ಣು ಬಿಡದ ಮರಿಗಳನ್ನು ಪೊಟರೆಯಲ್ಲಿ ಬಿಟ್ಟು ತಾಯಿ ಎಲೆ ತಿನ್ನಲು ಕೆಳಗಿಳಿಯಲೇಬೇಕು.

ಈ ಕಾಡಿಗೆ ಎರಡು ಪಾಂಡಾ ಸೇರಿಸುವುದು ಎಷ್ಟು ಕಷ್ಟ ಅನ್ನುವುದಕ್ಕೆ ಡಾರ್ಜಿಲಿಂಗ್‌ನ ಪದ್ಮಜಾ ನಾಯ್ಡು ಮೃಗಾಲಯವನ್ನು ಕೇಳಬೇಕು. ವರ್ಷಗಟ್ಟಲೆ ಸಾಕಿ, ಸಂತಾನ ಬೆಳೆಸಿ, 2003ರಲ್ಲಿ ಸ್ವೀಟಿ, ಮಿನಿ ಎಂಬ ಎರಡು ಹೆಣ್ಣುಗಳನ್ನು ಗೈರಿಬಾಸ್ ಕಾಡಿಗೆ ಬಿಟ್ಟರು. ಮಿನಿಯನ್ನು ಚಿರತೆ ಹಿಡಿಯಿತು. ಸ್ವೀಟಿ ಕಾಡಿನಲ್ಲೇ ಮರಿ ಹಾಕಿತು. ಚಿರತೆ ಹಿಡಿದದ್ದಕ್ಕೆ ನನ್ನ ತಕರಾರಿಲ್ಲ, ಅದು ಆ ಕಾಡಿನದೇ ಪ್ರಾಣಿ.

"ಹಾಗಾದರೆ ನಾಯಿಗಳು ಹಸಿದು ಸಾಯಲಾ?" ಅಂತ ಕೇಳುವವರಿಗೆ ನನ್ನ ಉತ್ತರ: ಖಂಡಿತ ಬೇಡ. ಅಲ್ಲಿನ ಎಷ್ಟೋ ನಾಯಿಗಳಿಗೆ ಮನೆಯಿದೆ, ಚಹಾ ಅಂಗಡಿಯಿದೆ, ದನ-ಯಾಕ್ ಮೇಯಿಸುವವರಿದ್ದಾರೆ. ಅವುಗಳಿಗೆ ಲಸಿಕೆ ಬೇಕು, ಸಂತಾನಹರಣ ಚಿಕಿತ್ಸೆ ಬೇಕು, ರಾತ್ರಿ ಕಟ್ಟಿಹಾಕುವ ಅಭ್ಯಾಸ ಬೇಕು. ಬಿಸ್ಕತ್ತಿಗೆ ಖರ್ಚು ಮಾಡುವ ಹಣವನ್ನು ನೀವು ಉಳಿದುಕೊಂಡ ಹೋಮ್‌ಸ್ಟೇಯವರ ಕೈಗೆ ಕೊಟ್ಟು, ಅವರ ನಾಯಿಯ ಲಸಿಕೆಗೆ ಅಂತ ಹೇಳಿ. ನಾಯಿ ಹಿಂದೆ ಬಂದರೆ ಗೈಡ್‌ಗೆ ಹೇಳಿ ಊರಿನಲ್ಲೇ ನಿಲ್ಲಿಸಿ.

ಬೆಂಗಳೂರಿನಿಂದ ತಂಡ ಕರೆದೊಯ್ಯುವವರಿಗೂ ಒಂದು ವಿನಂತಿ. ಹೊರಡುವ ಮುನ್ನ ಕಳಿಸುವ ವಾಟ್ಸಾಪ್ ಸೂಚನೆಗಳಲ್ಲಿ ಪ್ಲಾಸ್ಟಿಕ್ ಬಗ್ಗೆ ಬರೆಯುತ್ತೀರಿ, ಶೂ ಬಗ್ಗೆ ಬರೆಯುತ್ತೀರಿ. ನಾಯಿಗಳ ಬಗ್ಗೆಯೂ ಒಂದು ಸಾಲು ಸೇರಿಸಿ. ಸ್ಥಳೀಯ ಟ್ರ್ಯಾಕರ್‌ಗೆ ಒಂದು ದಿನದ ಕೂಲಿಯನ್ನು ಪ್ಯಾಕೇಜಿನಲ್ಲೇ ಸೇರಿಸಿದರೆ ಇನ್ನೂ ಒಳ್ಳೆಯದು; ಪಾಂಡಾ ಕಾಣದ ದಿನವೂ ಅವರಿಗೆ ಪೂರ್ತಿ ಕೂಲಿ ಸಿಗಲಿ.