ಬಿಲ್ಲಿಗೆ ನಾನು ಸಹಿ ಹಾಕುವುದಿಲ್ಲ

ನವೀಕರಣಕ್ಕೆಂದು ನಮ್ಮ ಆಸ್ಪತ್ರೆಯಿಂದ ವರ್ಕ್‌ಶಾಪಿಗೆ ಕಳುಹಿಸಿದ್ದ 40 ಶಸ್ತ್ರಚಿಕಿತ್ಸಾ ಉಪಕರಣಗಳು ಕಳೆದ ವಾರ ವಾಪಸು ಬಂದವು. ಎಲ್ಲಕ್ಕೂ ಒಂದೇ ಸಮನಾದ ಬೂದು ಬಣ್ಣ, ಹುಡುಕಿದರೂ ಗೀರಿಲ್ಲ. ನೋಡಿದವರೆಲ್ಲ ‘ಹೊಸದರಂತಿವೆ’ ಎಂದು ಹೊಗಳಿದ್ದೇ ಹೊಗಳಿದ್ದು. ನಾನು ಒಂದು ಆರ್ಟರಿ ಫೋರ್ಸೆಪ್ಸನ್ನು, ಅಂದರೆ ರಕ್ತನಾಳ ಹಿಡಿಯುವ ಇಕ್ಕಳವನ್ನು, ಬಿಳಿ ಬಟ್ಟೆಯ ಮೇಲೆ ಹಿಡಿದು ನಾಲ್ಕು ಬಾರಿ ತೆರೆದು ಮುಚ್ಚಿದೆ. ಕೀಲಿನಿಂದ ಕರಕರ ಸದ್ದು. ಬಟ್ಟೆಯ ಮೇಲೆ ಚಿಟಿಕೆಗೂ ಸಿಗದಷ್ಟು ಬೂದು ಪುಡಿ. ಅದು ಯಾರ ಹೊಟ್ಟೆಯೊಳಗೆ ಉದುರಬೇಕಿತ್ತು?

ಪುಡಿ ಬಂದದ್ದು ಬ್ಲಾಸ್ಟಿಂಗಿನಿಂದ. ಅದನ್ನು ಮಾಡಬಾರದೆಂದು ನಾನು ಹೇಳುತ್ತಿಲ್ಲ. ಆಪರೇಷನ್ ದೀಪದ ಬೆಳಕು ಉಕ್ಕಿನ ಮೇಲೆ ಬಿದ್ದು ಸರ್ಜನ್ನರ ಕಣ್ಣು ಕುಕ್ಕಬಾರದೆಂದೇ ಸಣ್ಣ ಗಾಜಿನ ಮಣಿಗಳನ್ನು ಗಾಳಿಯ ಒತ್ತಡದಲ್ಲಿ ಹೊಡೆದು ಹೊಳಪಿಲ್ಲದ ಮ್ಯಾಟ್ ಫಿನಿಷ್ ಕೊಡುತ್ತಾರೆ. ಆದರೆ ಮೊದಲು ಅಲಗು, ಕೀಲುಗಳನ್ನು ಮುಚ್ಚಬೇಕಲ್ಲವೇ? ಬಳಸಿ ಬಳಸಿ ಒಡೆದು ಚೂಪಾದ ಮಣಿಗಳನ್ನು ಎಸೆಯಬೇಕಲ್ಲವೇ? ಮಾಮೂಲಿ ಕಬ್ಬಿಣಕ್ಕೆ ಹೊಡೆದ ಮಣಿಗಳನ್ನಂತೂ ಈ ಉಪಕರಣಗಳ ಹತ್ತಿರವೂ ತರಬಾರದು. ಕಬ್ಬಿಣದ ಒಂದು ಕಣ ಅಂಟಿದರೂ ತುಕ್ಕಿಗೆ ಬೀಜ ಬಿತ್ತಿದಂತೆ. ಕೊನೆಯಲ್ಲಿ ಸಿಟ್ರಿಕ್ ಅಥವಾ ನೈಟ್ರಿಕ್ ಆಮ್ಲದಲ್ಲಿ ಅದ್ದಿ ರಕ್ಷಣೆಯ ಪೊರೆ ಕಟ್ಟಿಸುವ ಪ್ಯಾಸಿವೇಷನ್ ಆಗಲೇಬೇಕು. ಸ್ಟೇನ್‌ಲೆಸ್ ಸ್ಟೀಲನ್ನು ಕಾಯುವುದು ಕಣ್ಣಿಗೆ ಕಾಣದ ಕ್ರೋಮಿಯಂ ಆಕ್ಸೈಡಿನ ಪೊರೆ. ಮೈಯನ್ನು ಒರಟು ಮಾಡಿ, ಆ ಪೊರೆಯನ್ನು ಸರಿಪಡಿಸದೆ ಡಬ್ಬಿಗೆ ತುಂಬಿ ಕಳುಹಿಸಿದರೆ ಏನಾಗುತ್ತದೆ?

ಆದದ್ದನ್ನು ನಾನೇ ನೋಡಿದೆ. ಪುಡಿ ಹೋಗಲೆಂದು ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ಎರಡೆರಡು ಸಲ ತೊಳೆದು, ಬಳಕೆಗೆ ಕೊಡುವ ಮೊದಲು ಪರೀಕ್ಷೆಗೆಂದು ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವಿಗೆ ಹಾಕಿದೆ. 134 ಡಿಗ್ರಿ ಹಬೆಯ ಮೂರನೇ ಸುತ್ತಿಗೇ ಕಂದು ಚುಕ್ಕೆಗಳು ಎದ್ದವು. ವರ್ಕ್‌ಶಾಪಿಗೆ ಫೋನ್ ಮಾಡಿದರೆ ‘ನಿಮ್ಮ ನೀರಿನ ಕಲೆ’ ಎಂದರು. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿದೆ. ಬರೀ ಕಲೆಯಾಗಿದ್ದರೆ ಅಡಿಯಲ್ಲಿ ನಯವಾದ ಲೋಹ ಕಾಣಬೇಕು. ಇಲ್ಲಿ ಕಂಡದ್ದು ಸೂಜಿಮೊನೆಯಷ್ಟು ಗುಳಿ. ನೀರಿನ ಕಲೆ ಉಕ್ಕನ್ನು ಕೊರೆಯುತ್ತದೆಯೇ? ಇಂಥ ಒಂದನ್ನು ಟ್ರೇಯಲ್ಲಿ ಇಟ್ಟರೆ ಪಕ್ಕದವಕ್ಕೂ ತುಕ್ಕು ಅಂಟುತ್ತದೆ. ಕತ್ತರಿಗಳ ಮಾತು ಬೇಡ, ತುದಿಯಲ್ಲಿ ಕತ್ತರಿಸುವ ಬದಲು ಬಟ್ಟೆಯನ್ನು ಜಗಿಯುತ್ತಿವೆ.

ಇಷ್ಟಾದರೂ ಸಹಿಸಿಕೊಳ್ಳುತ್ತಿದ್ದೆನೇನೋ. ನನ್ನ ರಕ್ತ ಕುದಿಯುತ್ತಿರುವುದು ಹೊಲಿಗೆಯ ಸೂಜಿ ಹಿಡಿಯುವ ನೀಡಲ್ ಹೋಲ್ಡರುಗಳ ವಿಷಯಕ್ಕೆ. ಆರರಲ್ಲಿ ಒಂದರ ಕೀಲಿನ ಬಳಿ ಕೂದಲೆಳೆಯಷ್ಟು ಬಿರುಕಿತ್ತು. ‘ಬಿರುಕಿದೆ, ಸಾಧ್ಯವಾಗದಿದ್ದರೆ ಹಾಗೆಯೇ ಹಿಂದಿರುಗಿಸಿ’ ಎಂದು ನಾನೇ ಚೀಟಿ ಬರೆದು ಕಟ್ಟಿದ್ದೆ. ಈಗ ಚೀಟಿಯೂ ಇಲ್ಲ, ಬಿರುಕೂ ಕಾಣುತ್ತಿಲ್ಲ. ಮಣಿಗಳ ಹೊಡೆತಕ್ಕೆ ಮೇಲಿನ ಲೋಹ ಹರಡಿ ಬಿರುಕಿನ ಬಾಯಿ ಮುಚ್ಚಿಕೊಂಡಿರಬೇಕು. ಒಳಗೆ ಅದು ಇದ್ದಲ್ಲೇ ಇದೆ. ಸಂಖ್ಯೆ ನೋಡಿ ಗುರುತಿಸೋಣವೆಂದರೆ ಲೇಸರಿನಲ್ಲಿ ಕೊರೆದಿದ್ದ ಸಂಖ್ಯೆಯನ್ನೂ ಹೊಡೆದು ಅಳಿಸಿದ್ದಾರೆ! ಬಿಲ್ಲಿನಲ್ಲಿ ಮಾತ್ರ ಆರರ ಮುಂದೆಯೂ ‘ಸರಿಪಡಿಸಲಾಗಿದೆ’.

‘ನೋಡಲು ಚೆನ್ನಾಗಿಯೇ ಇವೆಯಲ್ಲ, ಸಹಿ ಹಾಕಿ ಕಳುಹಿಸಿ’ ಎಂದು ಲೆಕ್ಕಪತ್ರದವರು ದಿನಕ್ಕೆರಡು ಬಾರಿ ಕೇಳುತ್ತಿದ್ದಾರೆ. ಹೊಲಿಗೆಯ ನಡುವೆ ಸರ್ಜನ್ನರ ಕೈಯಲ್ಲಿ ಅದು ಮುರಿದರೆ ಉತ್ತರ ಕೊಡಬೇಕಾದವಳು ನಾನು. ಆರನ್ನೂ ಚೀಲಕ್ಕೆ ಹಾಕಿ ಬೀಗದಲ್ಲಿ ಇಟ್ಟಿದ್ದೇನೆ. ಬಿರುಕು ಬಿಟ್ಟದ್ದು ಯಾವುದೆಂದು ವರ್ಕ್‌ಶಾಪಿನವರೇ ಬಂದು ತೋರಿಸಲಿ.