ರಾಜವಂಶ ಆಮೇಲೆ, ಮೊದಲು ಮುತ್ತಜ್ಜಿಯ ತವರೂರು

ಇಂಗ್ಲೆಂಡಿನ ಯಾವುದಾದರೂ ಕೌಂಟಿಯ ದಾಖಲೆ ಕಚೇರಿಗೆ ಹೋಗಿ ನೋಡಿ. ನಿವೃತ್ತರಾದವರು ತಮ್ಮ ವಂಶದ ಬೇರು ಹುಡುಕುತ್ತ ಪೆನ್ಸಿಲ್ ಹಿಡಿದು ಬೆಳಗಿನಿಂದ ಕೂತಿರುತ್ತಾರೆ, ಪೆನ್ನನ್ನು ಒಳಗೆ ಬಿಡುವುದಿಲ್ಲ. ಮುತ್ತಜ್ಜನ ಅಜ್ಜ ಹೊಲದ ಕೂಲಿಯಾಳು, ಮದುವೆ ಪುಸ್ತಕದಲ್ಲಿ ಸಹಿ ಬಾರದೆ ಶಿಲುಬೆ ಗೀಚಿದ್ದಾನೆ ಎಂದು ಗೊತ್ತಾದರೆ ಪಕ್ಕದ ಮೇಜಿನವರನ್ನು ಕರೆದು ತೋರಿಸುತ್ತಾರೆ. ಮನೆತನವೆಂದರೆ ದಿವಾನರು, ಪಾಳೇಗಾರರು, 'ನಮ್ಮವರು ವಿಜಯನಗರದವರಂತೆ' ಎಂಬ ಮಾತನ್ನೇ ಕೇಳಿ ಬೆಳೆದ ನಮಗೆ ಇದು ಹಿತವಾದ ಅಚ್ಚರಿ.

ಅವರ ಕ್ರಮ ಕಟ್ಟುನಿಟ್ಟು: ತನ್ನಿಂದ ಶುರು ಮಾಡಿ ಒಂದೊಂದೇ ತಲೆಮಾರು ಹಿಂದಕ್ಕೆ. ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಸರ್ಕಾರಿ ನೋಂದಣಿ ಶುರುವಾದದ್ದು 1837ರ ಜುಲೈ 1ರಂದು. ಜನನಪತ್ರದಲ್ಲಿ ತಾಯಿಯ ತವರಿನ ಹೆಸರಿರುತ್ತದೆ. ಅದನ್ನು ಹಿಡಿದು ತಂದೆತಾಯಿಯ ಮದುವೆ ಹುಡುಕಬೇಕು. ಮದುವೆಪತ್ರದಲ್ಲಿ ಎರಡೂ ಕಡೆಯ ಅಪ್ಪಂದಿರ ಹೆಸರು, ಕಸುಬು ಸಿಗುತ್ತವೆ. ಅಲ್ಲಿಂದ ಜನಗಣತಿಗೆ. 1851ರಿಂದ ಹುಟ್ಟಿದ ಊರನ್ನೂ ಬರೆದಿದ್ದಾರೆ. ಒಬ್ಬ ಕೂಲಿಯ ಐದು ಮಕ್ಕಳು ನಾಲ್ಕು ಊರುಗಳಲ್ಲಿ ಹುಟ್ಟಿದ್ದರೆ, ಕೆಲಸ ಹುಡುಕುತ್ತ ಸಂಸಾರ ಅಲೆದ ದಾರಿಯೇ ಆ ಐದು ಸಾಲುಗಳಲ್ಲಿ ಕಾಣುತ್ತದೆ. 1841ರ ಗಣತಿಯಲ್ಲಿ ಮಾತ್ರ ಎಚ್ಚರ ಬೇಕು. ಹದಿನೈದು ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಬೇಕೆಂಬ ಸೂಚನೆಯಿತ್ತು, 59 ಆದವನು 55 ಆಗಿರುತ್ತಾನೆ.

1837ಕ್ಕೂ ಹಿಂದೆ ಹೋಗಬೇಕಾದರೆ ಚರ್ಚಿನ ಪುಸ್ತಕಗಳೇ ಗತಿ. ಜಾರುವುದೂ ಇಲ್ಲಿಯೇ. 1813ಕ್ಕೆ ಮುಂಚಿನ ದೀಕ್ಷಾಸ್ನಾನದ ನಮೂದಿನಲ್ಲಿ ಬಹಳಷ್ಟು ಸಲ ಮಗುವಿನ ಮತ್ತು ತಂದೆತಾಯಿಯ ಹೆಸರು ಬಿಟ್ಟರೆ ಬೇರೇನೂ ಇರುವುದಿಲ್ಲ. ಅಕ್ಕಪಕ್ಕದ ಎರಡು ಹಳ್ಳಿಗಳಲ್ಲಿ ಒಂದೇ ಹೆಸರಿನ ಇಬ್ಬರು ಹುಡುಗರು, ಒಬ್ಬ ಜಮೀನ್ದಾರರ ಮನೆಯವನು, ಇನ್ನೊಬ್ಬ ಬಡವರ ಮಗ. ಆಸೆಗೆ ಬಿದ್ದವರು ಮೊದಲನೆಯವನನ್ನು ಅಪ್ಪಿಕೊಳ್ಳುತ್ತಾರೆ. ಆ ಹುಡುಗ ಎಳವೆಯಲ್ಲೇ ತೀರಿಕೊಂಡನೇ ಎಂದು ಸಮಾಧಿ ಪುಸ್ತಕ ತೆರೆದು ನೋಡುವುದಿಲ್ಲ. ಅವನಿಂದ ಮೇಲಕ್ಕೆ ಸಿಗುವ ರಾಜವಂಶ ಎಷ್ಟೇ ಗಟ್ಟಿಯಾಗಿರಲಿ, ಈ ಒಂದು ಕೊಂಡಿ ಸುಳ್ಳಾದರೆ ಅಷ್ಟೂ ಬೇರೆಯವರ ಮನೆಯ ಕಥೆ. ಉಪನಾಮ ಹೇಳಿದರೆ ಸಾಕು, ಮನೆತನದ ಲಾಂಛನ ಅಚ್ಚುಹಾಕಿ ಕೊಡುವ ಅಂಗಡಿಗಳೂ ಇವೆ. ಇಂಗ್ಲೆಂಡಿನಲ್ಲಿ ಲಾಂಛನ ಸಿಗುವುದು ಒಬ್ಬ ವ್ಯಕ್ತಿಗೆ, ಅವನ ಸಂತತಿಗೆ. ಅದೇ ಉಪನಾಮದ ಎಲ್ಲರಿಗೂ ಅಲ್ಲ.

ಹಾಗೆ ನೋಡಿದರೆ ರಾಜರಕ್ತ ಅಪರೂಪವೂ ಅಲ್ಲ. ಇಪ್ಪತ್ತು ತಲೆಮಾರು ಹಿಂದಕ್ಕೆ ಹೋದರೆ ವಂಶವೃಕ್ಷದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸ್ಥಾನಗಳಾಗುತ್ತವೆ, ಅವುಗಳಲ್ಲಿ ಒಬ್ಬರೇ ಹತ್ತಾರು ಕಡೆ ಬರುತ್ತಾರೆ. ಅಪರೂಪವಾದದ್ದು ಕಾಗದದ ಪುರಾವೆ. ಪೂರ್ವ ಲಂಡನ್ನಿನ ನಟ ಡ್ಯಾನಿ ಡೈಯರ್ ಮೂರನೇ ಎಡ್ವರ್ಡ್ ದೊರೆಯ ವಂಶದವರೆಂದು 2016ರಲ್ಲಿ ಬಿಬಿಸಿ ತೋರಿಸಿದಾಗ ದೇಶವೆಲ್ಲ ಬೆರಗಾಯಿತು. ನನಗೆ ಹಿಡಿಸಿದ್ದು ನಡುವಿನ ಹೆಸರು, ಥಾಮಸ್ ಕ್ರಾಮ್‌ವೆಲ್. ಎಂಟನೇ ಹೆನ್ರಿ ದೊರೆಯ ಮಂತ್ರಿ, ಲಂಡನ್ ಬಳಿಯ ಪಟ್ನಿಯ ಕಮ್ಮಾರನ ಮಗ. ಒಂದೊಂದು ಚರ್ಚಿನ ವ್ಯಾಪ್ತಿಯಾದ ಪ್ರತಿ ಪ್ಯಾರಿಷ್‌ನಲ್ಲೂ ದೀಕ್ಷಾಸ್ನಾನ, ಮದುವೆ, ಸಾವು ಬರೆದಿಡಬೇಕೆಂದು 1538ರಲ್ಲಿ ಆಜ್ಞೆ ಹೊರಡಿಸಿದವನು ಅವನೇ. ಇಂದು ಕೂಲಿಯಾಳುಗಳ ಹೆಸರು ಸಿಗುವುದು ಅವನಿಂದಾಗಿ.

ನಮ್ಮಲ್ಲೋ, ಶ್ರಾದ್ಧದ ಸಂಕಲ್ಪದಲ್ಲಿ ಮೂರು ತಲೆಮಾರು, ಅಲ್ಲಿಂದ ನೇರ ಗೋತ್ರದ ಋಷಿಗೆ ನೆಗೆತ. ನಡುವೆ ಬದುಕಿ ಉತ್ತವರು, ನೇಯ್ದವರು, ಲೆಕ್ಕ ಬರೆದವರು ಎಲ್ಲಿ ಹೋದರು? ಆಸ್ತಿ ಪಾಲಾಗುವಾಗ ಮಾತ್ರ ನಾಡಕಚೇರಿಯ ವಂಶವೃಕ್ಷ ನೆನಪಾಗುತ್ತದೆ, ಅದರಲ್ಲೂ ಹೆಣ್ಣುಮಕ್ಕಳ ಹೆಸರು ಬಿಟ್ಟು ಕೋರ್ಟು ಹತ್ತುತ್ತೇವೆ. ಕಾಗದಗಳು ಇಲ್ಲವೆಂದಲ್ಲ. ಪೌತಿ ಖಾತೆಯ ನಮೂದಿನಲ್ಲಿ ಸತ್ತವರು ಯಾರು, ವಾರಸುದಾರರು ಯಾರು ಎಂಬುದಿದೆ. ಶಾಲೆಯ ದಾಖಲಾತಿ ಪುಸ್ತಕವಿದೆ, ಆದರೆ ಜೂನ್ 1 ಎಂದಿದ್ದರೆ ಅದು ಮೇಷ್ಟ್ರು ಕೊಟ್ಟ ಹುಟ್ಟುಹಬ್ಬವಿರಬಹುದು, ನಂಬಬೇಡಿ. ಧಾರವಾಡ, ಬೆಳಗಾವಿ ಕಡೆಯ ಹಳೆಯ ಕಾಗದ ಮೋಡಿ ಲಿಪಿಯಲ್ಲಿದ್ದರೆ ಓದಬಲ್ಲವರನ್ನು ಹಿಡಿಯಬೇಕು. ತಿಥಿಯಿಂದ ಸತ್ತ ಮಾಸ, ಪಕ್ಷ ಗೊತ್ತಾಗುತ್ತದೆ, ವರ್ಷ ಗೊತ್ತಾಗುವುದಿಲ್ಲ. ಸಾಲಪತ್ರದಲ್ಲಿ ರಕ್ತಾಕ್ಷಿ ಸಂವತ್ಸರ ಎಂದಿದ್ದರೆ ಅದು 1924-25 ಆಗಬಹುದು, 1864-65 ಕೂಡ ಆಗಬಹುದು. ಕಾಗದ, ಮಸಿ, ಬರೆದವನ ಹೆಸರು ನೋಡಿ ತೀರ್ಮಾನಿಸಬೇಕು. ಇದೆಲ್ಲಕ್ಕೂ ಮೊದಲು ಅಜ್ಜಿಯನ್ನು ಕೂರಿಸಿಕೊಂಡು ಅವರ ತವರೂರು, ಅವರಮ್ಮನ ತವರೂರು ಕೇಳಿ ಬರೆದುಕೊಳ್ಳಿ.

ಇಷ್ಟು ಬೈದ ಮೇಲೆ ಒಪ್ಪಲೇಬೇಕಾದ ಮಾತೂ ಇದೆ. ಇಂಗ್ಲೆಂಡಿನ ಮದುವೆಪತ್ರದಲ್ಲಿ ತಾಯಂದಿರ ಹೆಸರಿಗೆ ಜಾಗ ಸಿಕ್ಕಿದ್ದು 2021ರ ಮೇ ತಿಂಗಳಲ್ಲಿ. ರೈತರ ಮನೆಬಾಗಿಲಿಗೇ ಬಂದು ತಲೆತಲಾಂತರದ ಹೆಸರು, ಬೆಡಗು, ಮೂಲದ ಊರು ಓದಿ ಹೇಳುವ ನಮ್ಮ ಹೆಳವರಂಥವರನ್ನು ನಾನು ಇಂಗ್ಲೆಂಡಿನಲ್ಲಿ ಕಂಡಿಲ್ಲ. ಹೆಳವರ ಪುಸ್ತಕದಲ್ಲಿರುವವರು ಬಹುಮಟ್ಟಿಗೆ ಸಾಮಾನ್ಯ ಒಕ್ಕಲು ಮನೆಯವರೇ. ಮುಂದಿನ ಸಲ ಊರಿಗೆ ಹೆಳವರು ಬಂದರೆ ಕಾಳು, ದುಡ್ಡು ಕೊಟ್ಟು ಅವಸರದಲ್ಲಿ ಸಾಗಹಾಕಬೇಡಿ. ಪೂರ್ತಿ ಓದಿಸಿ, ಮೊಬೈಲಿನಲ್ಲಿ ಧ್ವನಿ ಹಿಡಿದಿಡಿ, ಒಪ್ಪಿದರೆ ಪುಟಗಳ ಫೋಟೋ ತೆಗೆಯಿರಿ. ಆಮೇಲೆ ಒಂದೊಂದೇ ಹೆಸರನ್ನು ಪೌತಿ ಖಾತೆಯೊಂದಿಗೆ ತಾಳೆ ನೋಡಿ.