ಗಿಟಾರಿಗೆ ಒಂದು ಹೆಸರಿಡೋಕೆ ಏನು ಕಷ್ಟ?

ನನ್ನ ಬೇಸ್ ಗಿಟಾರಿನ ಬ್ರಿಡ್ಜ್ (ತಂತಿಗಳ ಕೆಳತುದಿಯನ್ನು ಹಿಡಿದಿಡುವ ಭಾಗ) ಬದಲಾಯಿಸಬೇಕಿತ್ತು. ಅಂಗಡಿಯಲ್ಲಿ ಮಾಡೆಲ್ ಯಾವುದು ಅಂತ ಕೇಳಿದರು, ಬಾಯಿಗೇ ಬರಲಿಲ್ಲ, ಯಾಕಂದ್ರೆ ಅದಕ್ಕೆ ಹೆಸರೇ ಇಲ್ಲ, ಹಿಂದೆ ಮೂರು ಅಕ್ಷರ, ನಾಲ್ಕು ಅಂಕಿ, ಒಂದು ಅಡ್ಡಗೆರೆ, ಮತ್ತೆ ಬಣ್ಣಕ್ಕೆ ಎರಡು ಅಕ್ಷರ, ಅಷ್ಟೇ. ತುಂಬಾ ಬೇಜಾರಾಯಿತು.

1951ರಲ್ಲಿ ಗಿಟಾರ್ ಕಂಪನಿ ಫೆಂಡರ್ ತನ್ನ ಬೇಸ್‌ಗೆ ಪ್ರಿಸಿಷನ್ ಅಂತ ಹೆಸರಿಟ್ಟಿತು. ಕುತ್ತಿಗೆಯ ಮೇಲೆ ಫ್ರೆಟ್ (ಲೋಹದ ಅಡ್ಡಪಟ್ಟಿ) ಇದ್ದಿದ್ದರಿಂದ ಸ್ವರ ಕರಾರುವಾಕ್ಕಾಗಿ ಹಿಡಿಯಬಹುದಿತ್ತು, ಅದಕ್ಕೇ ಆ ಹೆಸರು. ಅವರ ಬ್ರಾಡ್‌ಕಾಸ್ಟರ್ ಗಿಟಾರಿನ ಹೆಸರಿಗೆ ಗ್ರೆಚ್ ಅನ್ನೋ ಇನ್ನೊಂದು ವಾದ್ಯ ಕಂಪನಿ ತಕರಾರು ತೆಗೆದಾಗ (ಗ್ರೆಚ್‌ನ ಡ್ರಮ್‌ಗೆ ಆಗಲೇ ಅಂಥದ್ದೇ ಹೆಸರಿತ್ತು) ಫೆಂಡರ್‌ನವರು ಲೇಬಲ್‌ನಿಂದ ಆ ಪದವನ್ನೇ ಕತ್ತರಿಸಿ ಸ್ವಲ್ಪ ದಿನ ಹಾಗೇ ಮಾರಿದರು, ಆಮೇಲೆ ಟೆಲಿಕಾಸ್ಟರ್ ಅಂದರು. ಟಿವಿ ಹೊಸದಾಗಿ ಮನೆಗಳಿಗೆ ಬರುತ್ತಿದ್ದ ಕಾಲ ಅಲ್ವಾ.

ದಿನಾ ಎದೆಗೊತ್ತಿಕೊಂಡು ನುಡಿಸುವ ವಾದ್ಯವನ್ನು ನಾನು ಏನಂತ ಕರೆಯಲಿ?